ಯಾವ ಗಿಡಕ್ಕೆ ಯಾವ ಜಾಗ?



ನಮ್ಮ ಮನೆಗಳ ಹಿಂದೆ ಒಂದಿಷ್ಟು ಜಾಗ ಇರುತ್ತೆ. ಅದನ್ನು ಹಿತ್ತಲು ಅಂತೀವಿ. ಕೆಲವರದು ದೊಡ್ಡ ಹಿತ್ತಲು. ಕೆಲವರದು ನಾಲ್ಕು ಹೆಜ್ಜೆ ಇಟ್ಟರೆ ಮುಗಿಯಿತು. ಮಳೆ ಶುರುವಾದರೆ ಸಾಕು, ನಮಗೆಲ್ಲ ಗಿಡ ನೆಡುವ ಆಸೆ. ಸಂತೆಯಿಂದ ಬೀಜ ತರ್ತೀವಿ. ನೆಂಟರ ಮನೆಯಿಂದ ಸಸಿ ತರ್ತೀವಿ. ಖಾಲಿ ಕಂಡ ಕಡೆ ನೆಡ್ತೀವಿ.

ಆಮೇಲೆ ಏನಾಗುತ್ತೆ? ಬದನೆ ಗಿಡ ಉದ್ದಕ್ಕೆ ಬೆಳೆಯುತ್ತೆ, ಕಾಯಿ ಬಿಡಲ್ಲ. ಪಪ್ಪಾಯಿ ಗಿಡ ಆಳೆತ್ತರ ಬಂದು, ಜಡಿಮಳೆಗೆ ಬುಡ ಕೊಳೆತು ಬೀಳುತ್ತೆ. ವೀಳ್ಯದ ಬಳ್ಳಿ ಬೇಸಿಗೆಯಲ್ಲಿ ಸುಟ್ಟು ಹೋಗುತ್ತೆ. “ಕೈಗುಣ ಸರಿ ಇಲ್ಲ” ಅಂತ ಹೇಳಿ ಸುಮ್ಮನಾಗೋದು ಎಲ್ಲ ಊರಿನಲ್ಲೂ ಇದೆ.

ಕೈಗುಣದ ಮಾತು ಬಿಡೋಣ. ಬಹಳ ಸಲ ಸರಿ ಇಲ್ಲದಿರೋದು ಜಾಗ. ಬಿಸಿಲು ಬೇಡುವ ಗಿಡ ನೆರಳಿನಲ್ಲಿ ಇರುತ್ತೆ. ನೆರಳು ಬೇಡುವ ಗಿಡ ಬಿಸಿಲಿನಲ್ಲಿ ಇರುತ್ತೆ. ಜಾಗ ನೋಡಿ ಗಿಡ ನೆಟ್ಟರೆ ಅಷ್ಟೇ ಹಿತ್ತಲು, ಅಷ್ಟೇ ನೀರು, ಹೆಚ್ಚು ಸೊಪ್ಪು ತರಕಾರಿ ಕೊಡುತ್ತೆ. ಹೇಗೆ ಅಂತ ನೋಡೋಣ ಬನ್ನಿ.

ಹಿತ್ತಲಿಗೂ ನಮ್ಮ ರಕ್ತಕ್ಕೂ ಏನು ಸಂಬಂಧ?

ಮೊದಲು ಒಂದು ಲೆಕ್ಕ ನೋಡೋಣ. 2019–21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರ ರಕ್ತ ಪರೀಕ್ಷೆ ಮಾಡಿದರು. 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು. ಅಂದರೆ ಹೆಚ್ಚು ಕಡಿಮೆ ಅರ್ಧ ಜನ! ಬೇಗ ಸುಸ್ತು, ತಲೆ ಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಇದೆಲ್ಲ ರಕ್ತ ಕಡಿಮೆ ಇರುವ ಲಕ್ಷಣ.

ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಅದು ಹಸಿರು ಸೊಪ್ಪಿನಲ್ಲಿ ಇದೆ. ಕಾಳಿನಲ್ಲೂ ಇದೆ. ಆದರೆ ಸಂತೆಯಿಂದ ತಂದ ಸೊಪ್ಪು ಎಷ್ಟು ದಿನ ಬರುತ್ತೆ? ತಂದ ಸೊಪ್ಪನ್ನು ಗಂಡಸರಿಗೆ, ಮಕ್ಕಳಿಗೆ ಬಡಿಸ್ತೀವಿ. ಕೊನೆಗೆ ನಾವು ಊಟಕ್ಕೆ ಕೂತಾಗ ಪಾತ್ರೆಯಲ್ಲಿ ಬರೀ ರಸ ಉಳಿದಿರುತ್ತೆ. ಸೊಪ್ಪು ಹಿತ್ತಲಿನಲ್ಲೇ ಇದ್ದರೆ ಎಲ್ಲರ ತಟ್ಟೆಗೂ ಬರುತ್ತೆ. ನಮ್ಮ ತಟ್ಟೆಗೂ ಬರುತ್ತೆ.

ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಊಟ ಆದ ಕೂಡಲೇ ಟೀ, ಕಾಫಿ ಕುಡಿದರೆ ಹತ್ತೋದು ಕಡಿಮೆ ಆಗುತ್ತೆ. ಇನ್ನೊಂದು ಮಾತು. ಬಸುರಿ ಹೆಂಗಸರು ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ಬಿಡಬಾರದು. ಸೊಪ್ಪೂ ಬೇಕು, ಮಾತ್ರೆಯೂ ಬೇಕು.

ಎಲೆಯೇ ಅಡುಗೆ ಮನೆ

ಗಿಡ ಊಟ ಹೇಗೆ ಮಾಡುತ್ತೆ? ಬೇರು ನೀರು ಹೊತ್ತು ತರುತ್ತೆ. ಎಲೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ಎಲೆಯ ಒಳಗೆ ಅಡುಗೆ ಆಗುತ್ತೆ. ಆ ಅಡುಗೆಗೆ ಒಲೆಯ ಉರಿ ಯಾವುದು? ಬಿಸಿಲು. ಬಿಸಿಲು ಕಡಿಮೆ ಆದರೆ ಅಡುಗೆಯೂ ಕಡಿಮೆ.

ಬರೀ ಎಲೆ ಬೆಳೆಸೋಕೆ ಗಿಡಕ್ಕೆ ಕಡಿಮೆ ಊಟ ಸಾಕು. ಕಾಯಿ ಬಿಡೋಕೆ ಹೆಚ್ಚು ಊಟ ಬೇಕು. ನಾವು ಬಾಣಂತಿಗೆ ಹೆಚ್ಚು ಊಟ ಕೊಡೋದಿಲ್ಲವೇ? ಹಾಗೇ ಇದು. ಅದಕ್ಕೆ ಒಂದು ಸುಲಭ ಲೆಕ್ಕ ಇದೆ. ಕಾಯಿ ತರಕಾರಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ 3–4 ಗಂಟೆ ಇದ್ದರೂ ನಡೆಯುತ್ತೆ.

ಗಿಡದ ತವರು ಯಾವುದು?

ಒಬ್ಬ ಹೆಣ್ಣುಮಗಳು ಗಂಡನ ಮನೆಗೆ ಬಂದರೆ ಏನು ಕೇಳ್ತೀವಿ? “ನಿನ್ನ ತವರು ಯಾವುದಮ್ಮ?” ಅಂತೀವಿ. ಗಿಡಕ್ಕೂ ತವರು ಇದೆ. ತವರಿನ ಗುಣ ಅದು ಬಿಡಲ್ಲ.

ಕಾಳುಮೆಣಸು ನೋಡಿ. ಅದರ ತವರು ನಮ್ಮ ಸಹ್ಯಾದ್ರಿಯ ಕಾಡು. ಅಲ್ಲಿ ದೊಡ್ಡ ಮರಕ್ಕೆ ಹಬ್ಬಿ, ಎಲೆಗಳ ನಡುವೆ ಸೋಸಿ ಬಂದ ಬಿಸಿಲಿನಲ್ಲಿ ಬೆಳೆಯಿತು. ಅದಕ್ಕೆ ಈಗಲೂ ಅರೆ ನೆರಳು, ತಂಪು ಬುಡ ಬೇಕು. ಮೆಣಸಿನಕಾಯಿ ನೋಡಿ. ಹೆಸರಿನಲ್ಲಿ ಮೆಣಸು ಇದೆ. ಆದರೆ ಅದು ದೂರದ ಅಮೆರಿಕ ಖಂಡದ ಗಿಡ. ಸುಮಾರು 500 ವರ್ಷದ ಹಿಂದೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂತು. ಅದಕ್ಕೆ ಬಿಸಿಲೇ ಬೇಕು. ಟೊಮೇಟೊ, ಪಪ್ಪಾಯಿ ಕೂಡ ಆ ಖಂಡದಿಂದ ಬಂದವು. ಅವೂ ಬಿಸಿಲಿನ ಗಿಡಗಳೇ.

ಕೆಸು, ಒಂದೆಲಗ, ಹೊನಗೊನ್ನೆ ನಮಗೆ ಎಲ್ಲಿ ಸಿಗುತ್ತವೆ? ಹಳ್ಳದ ಬದಿ, ಗದ್ದೆ ಬದು, ಜವುಗು ನೆಲ. ಅವಕ್ಕೆ ಒದ್ದೆ ಬುಡ ಹಿತ. ಹೀಗೆ ಗಿಡ ತಾನಾಗಿ ಎಲ್ಲಿ ಬೆಳೆಯುತ್ತೆ ಅಂತ ನೋಡಿಕೊಂಡರೆ ಅರ್ಧ ಉತ್ತರ ಸಿಕ್ಕಿತು.

ಶಿವಮೊಗ್ಗ ಜಿಲ್ಲೆಯ ಒಳಗೇ ಎಷ್ಟು ವ್ಯತ್ಯಾಸ ಇದೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಳಲೂರು ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯ ಊರು. ತುಂಗೆ ಭದ್ರೆ ಕೂಡುವ ಕೂಡ್ಲಿ ಇಲ್ಲಿಗೆ ಹತ್ತಿರ. ಇಲ್ಲಿ ಮಳೆ ಆಗುಂಬೆಗಿಂತ ಬಹಳ ಕಡಿಮೆ. ಬೇಸಿಗೆ ಬಿಸಿಲು ಖಾರ. ತೀರ್ಥಹಳ್ಳಿ ಕಡೆಯ ನೆಂಟರು ಕೊಟ್ಟ ಬಳ್ಳಿ ಅಲ್ಲಿ ಬಯಲಿನಲ್ಲೇ ಬದುಕಿರಬಹುದು. ಇಲ್ಲಿ ಅದಕ್ಕೆ ನೆರಳೂ ಬೇಕು, ಬೇಸಿಗೆ ನೀರೂ ಬೇಕು.

ಅಡಿಕೆ ತೋಟದ ಪಾಠ

ನೆರಳು ಬಿಸಿಲಿನ ಲೆಕ್ಕ ನಮಗೆ ಹೊಸದಲ್ಲ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು ದಿನಾ ನೋಡ್ತೀವಿ. ಎಳೆ ಅಡಿಕೆ ಸಸಿ ನೇರ ಬಿಸಿಲು ತಡೆಯಲ್ಲ. ಅದಕ್ಕೆ ಪಕ್ಕದಲ್ಲಿ ಬಾಳೆ ಹಾಕ್ತಾರೆ. ಬಾಳೆ ನೆರಳಿನಲ್ಲಿ ಸಸಿ ಎದ್ದು ನಿಲ್ಲುತ್ತೆ. ಅಡಿಕೆ ದೊಡ್ಡದಾದ ಮೇಲೆ ಅದೇ ನೆರಳು ಕೊಡುತ್ತೆ. ಆಗ ಅದರ ಮೈಗೆ ಕಾಳುಮೆಣಸು, ವೀಳ್ಯ ಹಬ್ಬುತ್ತವೆ.

ತೋಟದ ಅಂಚಿನ ಮರ ನೋಡಿದ್ದೀರಾ? ತೆಂಕು ಪಡುವಣದ ಕಡೆ, ಅಂದರೆ ದಕ್ಷಿಣ ಪಶ್ಚಿಮದ ಕಡೆ, ಕಾಂಡ ಸುಟ್ಟು ಸೀಳಿರುತ್ತೆ. ಮಧ್ಯಾಹ್ನದ ಮೇಲಿನ ಬಿಸಿಲು ಆ ಕಡೆಯಿಂದ ಹೊಡೆಯುತ್ತೆ. ಅದಕ್ಕೆ ಕಾಂಡಕ್ಕೆ ಅಡಿಕೆ ಹಾಳೆ ಕಟ್ತಾರೆ, ಇಲ್ಲವೇ ಸುಣ್ಣ ಬಳೀತಾರೆ.

ಇದರಿಂದ ಏನು ಕಲಿತೆವು? ಎಲ್ಲ ಬಿಸಿಲೂ ಒಂದೇ ಅಲ್ಲ. ಬೆಳಗಿನ ಬಿಸಿಲು ಮೆತ್ತಗೆ. ಮಧ್ಯಾಹ್ನದ ಮೇಲಿನ ಬಿಸಿಲು ಖಾರ. ಮನೆಯ ಮೂಡಲ ಕಡೆ ಎಳೆ ಬಿಸಿಲು ಬೀಳುತ್ತೆ. ಅಲ್ಲಿ ನಾಜೂಕಿನ ಸೊಪ್ಪು ಹಾಕಬಹುದು. ಪಡುವಣ ಕಡೆ ಗಟ್ಟಿ ಗಿಡ ಹಾಕಬೇಕು. ಅಲ್ಲಿ ನುಗ್ಗೆ ಬೆಳೆದರೆ ಅಥವಾ ಅವರೆ ಚಪ್ಪರ ಹಾಕಿದರೆ ಸಂಜೆ ಗೋಡೆಗೂ ತಂಪು.

ಬಿಸಿಲು ಅಳೆಯೋದು ಹೇಗೆ?

ಇದಕ್ಕೆ ಯಂತ್ರ ಬೇಡ. ರಂಗೋಲಿ ಹುಡಿ ಇದ್ದರೆ ಸಾಕು. ಮೋಡ ಇಲ್ಲದ ಒಂದು ದಿನ ಆರಿಸಿಕೊಳ್ಳಿ. ಹಿತ್ತಲಿನಲ್ಲಿ ನಾಲ್ಕೈದು ಜಾಗ ಗುರುತು ಮಾಡಿ. ಬೆಳಿಗ್ಗೆ 8 ಗಂಟೆ, 10 ಗಂಟೆ, 12 ಗಂಟೆ, ಮಧ್ಯಾಹ್ನ 2 ಗಂಟೆ, 4 ಗಂಟೆ. ಹೀಗೆ 5 ಸಲ ಹೋಗಿ ನೋಡಿ. ಬಿಸಿಲು ಬಿದ್ದ ಜಾಗಕ್ಕೆ ಪ್ರತಿ ಸಲ ಒಂದು ರಂಗೋಲಿ ಚುಕ್ಕೆ ಇಡಿ.

ಸಂಜೆ ಚುಕ್ಕೆ ಎಣಿಸಿ.

4 ಅಥವಾ 5 ಚುಕ್ಕೆ ಇದ್ದರೆ ಅದು ಬಿಸಿಲು ಜಾಗ.

2 ಅಥವಾ 3 ಚುಕ್ಕೆ ಇದ್ದರೆ ಅದು ಅರೆ ನೆರಳು.

1 ಚುಕ್ಕೆ ಇದ್ದರೆ, ಅಥವಾ ಇಲ್ಲವೇ ಇಲ್ಲ ಅಂದರೆ, ಅದು ನೆರಳು ಜಾಗ.

ಕೂಲಿಗೆ ಹೋಗುವ ದಿನ ಇದು ಆಗಲ್ಲ. ರಜೆಯ ದಿನ ಮಕ್ಕಳಿಗೆ ಹೇಳಿ. ಅವರು ಆಟದಂತೆ ಮಾಡ್ತಾರೆ.

ನೆರಳು ಜಾಗ ಬದಲಿಸುತ್ತೆ

ಒಂದು ಸಲ ನೋಡಿದರೆ ಸಾಲದು. ಸೂರ್ಯ ವರ್ಷವಿಡೀ ಒಂದೇ ದಾರಿಯಲ್ಲಿ ಹೋಗಲ್ಲ.

ನಮ್ಮ ಕಡೆ ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ನಡುವಿನಲ್ಲಿ, ಸೂರ್ಯ ನಡು ನೆತ್ತಿಗೆ ಬರುತ್ತಾನೆ. ಆಗ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಅಂಗಳದಲ್ಲಿ ಒನಕೆ ನೆಟ್ಟಗೆ ನಿಲ್ಲಿಸಿ ನೋಡಿ. ನೆರಳೇ ಕಾಣಲ್ಲ. ಈ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಬಡಗಣಕ್ಕೆ, ಅಂದರೆ ಉತ್ತರಕ್ಕೆ ಇರುತ್ತಾನೆ.

ಡಿಸೆಂಬರಿನಲ್ಲಿ ಬೇರೆ ಕಥೆ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಗೋಡೆ 10 ಅಡಿ ಎತ್ತರ ಇದ್ದರೆ, ನಡು ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು ಏಳೂವರೆ ಅಡಿ ಬೀಳುತ್ತೆ. ನಿಮ್ಮ ಹಿತ್ತಲು ಮನೆಯ ಉತ್ತರಕ್ಕೆ ಇದೆಯೇ? ಹಾಗಾದರೆ ಚಳಿಗಾಲದ ಟೊಮೇಟೊ, ಬದನೆಯನ್ನು ಗೋಡೆಯಿಂದ 8 ಅಡಿ ಆಚೆ ನೆಡಿ. ಗೋಡೆ ಪಕ್ಕದ ಜಾಗ ಸೊಪ್ಪಿಗೆ ಬಿಡಿ.

ಆದ್ದರಿಂದ ರಂಗೋಲಿ ಚುಕ್ಕೆ ಎರಡು ಸಲ ಇಡಿ. ಮುಂಗಾರಿನ ಮೊದಲು ಒಮ್ಮೆ. ದೀಪಾವಳಿ ಕಳೆದ ಮೇಲೆ ಒಮ್ಮೆ.

ನೀರು ನಿಲ್ಲುತ್ತಾ, ಇಂಗುತ್ತಾ?

ಬಿಸಿಲು ನೋಡಿದ ಹಾಗೇ ನೀರನ್ನೂ ನೋಡಬೇಕು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲಿ ಗಾಳಿ ಇರುತ್ತೆ. ನೀರು ನಿಂತರೆ ಆ ಸಂದಿ ತುಂಬಿಹೋಗುತ್ತೆ. ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಪಪ್ಪಾಯಿ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಗಿಡ ಸಾಯುತ್ತೆ. ಶುಂಠಿಯೂ ಹಾಗೇ ಕೊಳೆಯುತ್ತೆ.

ಪರೀಕ್ಷೆ ಮಾಡೋದು ಸುಲಭ. ಒಂದು ಅಡಿ ಆಳದ ಗುಂಡಿ ತೋಡಿ. ನೀರು ತುಂಬಿ. ಕೆಲವು ಗಂಟೆಯಲ್ಲಿ ಇಂಗಿದರೆ ಒಳ್ಳೆಯ ಜಾಗ. ಮಾರನೆಯ ದಿನವೂ ನೀರು ನಿಂತಿದ್ದರೆ ಅಲ್ಲಿ ಪಪ್ಪಾಯಿ, ನುಗ್ಗೆ, ಶುಂಠಿ ಬೇಡ. ನೆಡಲೇಬೇಕು ಅಂದರೆ ಮಣ್ಣು, ಗೊಬ್ಬರ ಸೇರಿಸಿ ಒಂದು ಅಡಿ ಎತ್ತರದ ಏರುಮಡಿ ಮಾಡಿ ನೆಡಿ.

ಎಲ್ಲಿ ಏನು ನೆಡೋಣ?

ಬಿಸಿಲು ಜಾಗದಲ್ಲಿ: ಬದನೆ, ಬೆಂಡೆ, ಟೊಮೇಟೊ, ಮೆಣಸಿನಕಾಯಿ. ನೀರು ನಿಲ್ಲದ ಮೂಲೆಯಲ್ಲಿ ನುಗ್ಗೆ, ಪಪ್ಪಾಯಿ, ಕರಿಬೇವು. ನುಗ್ಗೆಯನ್ನು ಬರೀ ಕಾಯಿಗೆ ಅಂದುಕೊಳ್ಳಬೇಡಿ. ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಕಣ್ಣಿಗೆ ಬೇಕಾದ ಅಂಶವೂ ಇದೆ. ಪಪ್ಪಾಯಿ ಹಣ್ಣೂ ಕಣ್ಣಿಗೆ ಒಳ್ಳೆಯದು. ಹೂವಿಗೆ ಮಲ್ಲಿಗೆ, ಗುಲಾಬಿ, ದಾಸವಾಳ.

ಅರೆ ನೆರಳಿನಲ್ಲಿ: ಹರಿವೆ, ಬಸಳೆ, ಚಕ್ರಮುನಿ. ಹರಿವೆಗೆ ಬಿಸಿಲು ಹೆಚ್ಚಿದ್ದರೆ ಇನ್ನೂ ಒಳ್ಳೆಯದು, ಅರ್ಧ ದಿನ ಇದ್ದರೂ ಸೊಪ್ಪು ಬರುತ್ತೆ. ಬೇಸಿಗೆಯಲ್ಲಿ ಕೊತ್ತಂಬರಿಗೂ ಅರೆ ನೆರಳೇ ವಾಸಿ. ಅರಿಶಿನ, ಸುವರ್ಣಗಡ್ಡೆ, ದೊಡ್ಡಪತ್ರೆ ಇಲ್ಲಿ ಬರುತ್ತವೆ. ಹೂವಿನಲ್ಲಿ ಕನಕಾಂಬರ ಬರುತ್ತೆ. ಚಕ್ರಮುನಿ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಬೇಯಿಸಿ ತಿನ್ನಿ. ಹಸಿ ರಸ ಹಿಂಡಿ ಕುಡಿಯಬೇಡಿ. ಹಾಗೆ ಬಹಳ ದಿನ ಕುಡಿದವರಿಗೆ ತೈವಾನ್ ದೇಶದಲ್ಲಿ 1995ರ ಸುಮಾರಿಗೆ ಶ್ವಾಸಕೋಶದ ಕಾಯಿಲೆ ಬಂದಿತ್ತು.

ನೆರಳು, ತಂಪು ಜಾಗದಲ್ಲಿ: ಒಂದೆಲಗ, ಕೆಸು, ವೀಳ್ಯದೆಲೆ. ವೀಳ್ಯಕ್ಕೆ ನೆರಳೂ ಬೇಕು, ತೇವವೂ ಬೇಕು, ಆದರೆ ನೀರು ನಿಲ್ಲಬಾರದು. ತೆಂಗಿನ ಬುಡ, ಬಾವಿಕಟ್ಟೆ ಪಕ್ಕ ಇದಕ್ಕೆಲ್ಲ ಸರಿ. ಒತ್ತಾಗಿ ಬೆಳೆದ ಮಾವು, ಹಲಸಿನ ಮರದ ಕೆಳಗೆ ಕತ್ತಲೆ ಹೆಚ್ಚು. ಅಲ್ಲಿ ತರಕಾರಿ ಹಾಕಿ ಬೀಜ ಕಳೆದುಕೊಳ್ಳಬೇಡಿ. ಅಲ್ಲಿ ಗೊಬ್ಬರದ ಗುಂಡಿ ಮಾಡಿ.

ಬಚ್ಚಲು ನೀರು ಹೋಗುವ ಕಡೆ: ಬಾಳೆ, ಕೆಸು. ಇವು ಆ ನೀರನ್ನು ಕುಡಿದು ಬೆಳೆಯುತ್ತವೆ. ನೀರು ಗುಂಡಿಯಲ್ಲಿ ನಿಂತು ಸೊಳ್ಳೆ ಆಗೋದೂ ತಪ್ಪುತ್ತೆ. ಆದರೆ ಒಂದೆಲಗ, ಕೊತ್ತಂಬರಿ ಇಲ್ಲಿ ಬೇಡ. ಅವನ್ನು ಹಸಿಯಾಗೇ ತಿನ್ನುತ್ತೀವಿ. ಸಾಬೂನು, ಕೊಳೆ ನೀರು ಅದಕ್ಕೆ ತಾಗಬಾರದು.

ಬಳ್ಳಿಗಳ ಉಪಾಯ: ಹೀರೆ, ಪಡವಲ, ಸೋರೆ, ಕುಂಬಳಕ್ಕೆ ಒಂದು ಒಳ್ಳೆಯ ಗುಣ ಇದೆ. ಬುಡ ನೆರಳಿನಲ್ಲಿ ಇದ್ದರೂ ತಲೆ ಬಿಸಿಲಿಗೆ ಹೋಗುತ್ತೆ. ಹಿತ್ತಲಿನಲ್ಲಿ ಬಿಸಿಲೇ ಇಲ್ಲ ಅನ್ನುವವರು ಬಳ್ಳಿ ಹಾಕಿ. ಬಚ್ಚಲು ಮನೆ ಮಾಡಿನ ಮೇಲೆ, ಬೇಲಿಯ ಮೇಲೆ ಹಬ್ಬಿಸಿ. ಕಾಯಿ ಮೇಲೆ ಬಿಡುತ್ತೆ. ಕೆಳಗೆ ನೆರಳಿನಲ್ಲಿ ಒಂದೆಲಗ ಹಬ್ಬುತ್ತೆ. ಅಡಿಕೆ ತೋಟದ ಪಾಠವೇ ಇದು. ಮೇಲೊಂದು ಬೆಳೆ, ಕೆಳಗೊಂದು ಬೆಳೆ.

ಸೇವಂತಿಗೆಯ ಗುಟ್ಟು: ಸೇವಂತಿಗೆ ಹೂ ಬಿಡಲು ಹಗಲು ಬಿಸಿಲು ಬೇಕು. ಜೊತೆಗೆ ಉದ್ದನೆಯ ಕತ್ತಲೆ ರಾತ್ರಿಯೂ ಬೇಕು. ಅದಕ್ಕೇ ಅದು ಚಳಿಗಾಲದ ಕಡೆ ಹೂ ಬಿಡುತ್ತೆ. ರಾತ್ರಿ ಪೂರ್ತಿ ಉರಿಯುವ ಬೀದಿ ದೀಪದ ಕೆಳಗೆ ನೆಟ್ಟರೆ ಗಿಡ ಸೊಂಪಾಗಿ ಬೆಳೆದರೂ ಹೂ ಬಿಡೋದು ಕಷ್ಟ. ದೀಪದಿಂದ ದೂರ ನೆಡಿ.

ಹಿತ್ತಲು ಇಲ್ಲದವರು ಏನು ಮಾಡೋಣ?

ಶಿವಮೊಗ್ಗ, ಭದ್ರಾವತಿಯಲ್ಲಿ ವಠಾರದ ಮನೆಗಳಿವೆ. ಮೆಟ್ಟಿಲು, ಕಿಟಕಿ ಬಿಟ್ಟರೆ ಬೇರೆ ಜಾಗ ಇಲ್ಲ. ಅಲ್ಲೂ ಗಿಡ ಬೆಳೆಯಬಹುದು. ಒಡೆದ ಬಕೆಟ್, ಹಳೆಯ ಡಬ್ಬ, ಗೋಣಿಚೀಲ ಸಾಕು. ತಳಕ್ಕೆ ನಾಲ್ಕು ತೂತು ಮಾಡಿ. ಕೆಳಗೆ ಹೆಂಚಿನ ಚೂರು ಹಾಕಿ. ಮೇಲೆ ಮಣ್ಣು, ಗೊಬ್ಬರ ತುಂಬಿ.

ಡಬ್ಬದ ಗಿಡಕ್ಕೆ ಒಂದು ಅನುಕೂಲ ಇದೆ. ಬಿಸಿಲು ಎಲ್ಲಿದೆಯೋ ಅಲ್ಲಿಗೆ ಎತ್ತಿ ಇಡಬಹುದು. ಒಂದು ಕಷ್ಟವೂ ಇದೆ. ಮಣ್ಣು ಬೇಗ ಒಣಗುತ್ತೆ. ತಾರಸಿಯ ಮೇಲೆ ಬೇಸಿಗೆಯಲ್ಲಿ ಸಿಮೆಂಟು ಕಾದು ಬೇರಿಗೆ ಬಿಸಿ ತಾಗುತ್ತೆ. ಡಬ್ಬವನ್ನು ಇಟ್ಟಿಗೆಯ ಮೇಲೆ ಇಡಿ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಬೆಳಿಗ್ಗೆ, ಸಂಜೆ ನೀರು ಹಾಕಿ.

ಗಿಡ ಹೇಳೋದನ್ನು ಓದೋಣ

ಗಿಡಕ್ಕೆ ಬಾಯಿ ಇಲ್ಲ. ಆದರೂ ಅದು ಹೇಳುತ್ತೆ.

ಗಿಡ ಸಣಕಲಾಗಿ ಉದ್ದ ಬೆಳೆದು ಒಂದೇ ಕಡೆ ವಾಲಿದೆಯೇ? ಹೂ ಇಲ್ಲವೇ? ಅದಕ್ಕೆ ಬಿಸಿಲು ಸಾಲದು.

ಎಲೆಯ ಅಂಚು ಸುಟ್ಟಂತೆ ಕಂದಾಗಿದೆಯೇ? ಎಲೆ ಬಿಳಿಚಿದೆಯೇ? ಬಿಸಿಲು ಹೆಚ್ಚಾಗಿರಬಹುದು.

ಮಣ್ಣು ಒದ್ದೆ ಇದ್ದರೂ ಗಿಡ ಬಾಡಿದೆಯೇ? ಬುಡದ ಎಲೆ ಹಳದಿ ಆಗಿದೆಯೇ? ಬೇರು ಕೊಳೆಯುತ್ತಿರಬಹುದು. ಇನ್ನೂ ನೀರು ಹಾಕಬೇಡಿ. ನೀರು ಹೋಗಲು ದಾರಿ ಮಾಡಿ.

ಹುಳ, ರೋಗದಿಂದಲೂ ಎಲೆ ಹಳದಿ ಆಗುತ್ತೆ. ಗೊತ್ತಾಗದಿದ್ದರೆ ಒಂದು ಎಲೆ ಕಿತ್ತುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ. ತೋಟಗಾರಿಕೆ ಇಲಾಖೆಯವರನ್ನೂ ಕೇಳಬಹುದು. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜು ಇದೆ. ಕೇಳೋಕೆ ನಾಚಿಕೆ ಬೇಡ.

ಪುಸ್ತಕದಲ್ಲಿ ಬರೆಯೋಣ

ನಾವು ಅಕ್ಷರ ಕಲಿತಿದ್ದೀವಿ. ಹಿತ್ತಲಿಗೂ ಅದನ್ನು ಬಳಸೋಣ. ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಮನೆ ಬರೆಯಿರಿ. ಸೂರ್ಯ ಹುಟ್ಟುವ ಕಡೆ ‘ಮೂಡಲು’ ಅಂತ ಬರೆಯಿರಿ. ಬಾವಿ, ಬಚ್ಚಲು, ದೊಡ್ಡ ಮರ ಎಲ್ಲಿದೆ ಅಂತ ಗುರುತು ಮಾಡಿ. ಚುಕ್ಕೆ ಎಣಿಸಿದ ಮೇಲೆ ಬಿಸಿಲು ಜಾಗಕ್ಕೆ ‘ಬಿ’ ಅಂತ ಬರೆಯಿರಿ. ಅರೆ ನೆರಳಿಗೆ ‘ಅ’. ನೆರಳಿಗೆ ‘ನೆ’. ನೀರು ನಿಲ್ಲುವ ಕಡೆ ‘ನೀ’.

ಆಮೇಲೆ ಪ್ರತಿ ಗಿಡದ ಹೆಸರು, ನೆಟ್ಟ ತಾರೀಖು ಬರೆದಿಡಿ. ಬಂತೋ, ಸತ್ತಿತೋ ಅದನ್ನೂ ಬರೆಯಿರಿ. ಮುಂದಿನ ವರ್ಷ ಬೀಜ ಕೈಗೆ ತೆಗೆದುಕೊಳ್ಳುವ ಮೊದಲು ಆ ಹಾಳೆ ಓದಿ. ನಿಮ್ಮ ಹಿತ್ತಲಿಗೆ ಅದಕ್ಕಿಂತ ಒಳ್ಳೆಯ ಪುಸ್ತಕ ಬೇರೆ ಸಿಗಲ್ಲ.

ಸಂಘದ ಸಭೆಗೆ ಹೋಗುವಾಗ ಆ ಹಾಳೆಯನ್ನೂ ತಗೊಂಡು ಹೋಗಿ. ಒಬ್ಬರ ಹಿತ್ತಲಿನಲ್ಲಿ ಬಿಸಿಲು ಹೆಚ್ಚು, ಇನ್ನೊಬ್ಬರದು ಬರೀ ನೆರಳು. ಬಿಸಿಲಿನವರು ಬದನೆಕಾಯಿ ಕೊಡಲಿ, ನೆರಳಿನವರು ಕೆಸುವಿನ ಎಲೆ ಕೊಡಲಿ. ಬೀಜ, ಬಳ್ಳಿ ಹಂಚಿಕೊಳ್ಳೋಣ.

ನೆನಪಿಡೋಣ

1. ನೆಡುವ ಮೊದಲು ಒಂದು ದಿನ ಬಿಸಿಲು ನೋಡಬೇಕು.

2. ಕಾಯಿಗೆ ಹೆಚ್ಚು ಬಿಸಿಲು. ಸೊಪ್ಪಿಗೆ ಸ್ವಲ್ಪ ಸಾಕು.

3. ಗಿಡದ ತವರು ಕೇಳಬೇಕು.

4. ನೀರು ನಿಲ್ಲುವ ಜಾಗ ತಿಳಿದಿರಬೇಕು.

5. ಬೆಳೆದ ಸೊಪ್ಪು ನಮ್ಮ ತಟ್ಟೆಗೂ ಬರಬೇಕು.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ಹತ್ತಿರ ಇರುವುದಕ್ಕೆ ಬೆಲೆ ಇಲ್ಲ ಅಂತ ಅದರ ಅರ್ಥ. ಬೆಲೆ ಕೊಡೋದು ನಮ್ಮ ಕೈಯಲ್ಲಿದೆ. ನಾಳೆ ಬೆಳಿಗ್ಗೆ 8 ಗಂಟೆಗೆ ಮೊದಲ ಚುಕ್ಕೆ ಇಡೋಣ.